ಸ್ಕ್ರೂ ಇಲ್ಲದ ಬ್ಯಾಟರಿ

ಕುಲಗೋಡದ ಫಕೀರವ್ವನ ಮನೆಯಲ್ಲಿ ಬೆಳಗಿನಿಂದ ಒಂದೇ ರಂಪ. ಹಿಂದಿನ ರಾತ್ರಿ ಹೊಲದಲ್ಲಿ ಕುರಿ ಕಾಯುತ್ತಿದ್ದ ಮಗ ಮಾಲಿಂಗನ ಚಾರ್ಜಿಂಗ್ ಬ್ಯಾಟರಿ, ಅಂದರೆ ಟಾರ್ಚು, ಹತ್ತಲೇ ಇಲ್ಲ. ಕತ್ತಲಲ್ಲಿ ತೋಳ ಬಂದು ಒಂದು ಮರಿಯನ್ನು ಎತ್ತಿಕೊಂಡು ಹೋಗಿತ್ತು. ಬ್ಯಾಟರಿಯ ಗ್ಯಾರಂಟಿ ಮುಗಿದು ತಿಂಗಳಾಗಿತ್ತಷ್ಟೇ.

"ಚಾರ್ಜಿಗೆ ಹಚ್ಚಾಕಿ ನೀನ. ನಿನ್ನ ಕೈಯಾಗ ಯಾವ್ದೂ ಉಳಿಯೂದಿಲ್ಲ, ಖಬರಗೇಡಿ!" ಎಂದು ಫಕೀರವ್ವ ಸೊಸೆ ಶೈಲಾಳ ಮೇಲೆ ಹರಿಹಾಯ್ದಳು.

"ಖರೇನ ಹಚ್ಚಿದ್ನಿರಿ ಅತ್ತಿ," ಎಂದಳು ಶೈಲಾ. ಕೇಳುವವರು ಯಾರು? ಪಾಪದ ಹುಡುಗಿ ಮಧ್ಯಾಹ್ನ ಉಣ್ಣಲೂ ಇಲ್ಲ.

ಸಂಜೆ ಮಹಿಳಾ ಸಂಘದ ಸಭೆಗೆ ಫಕೀರವ್ವ ಕೆಟ್ಟ ಬ್ಯಾಟರಿಯನ್ನೂ ಹಿಡಿದುಕೊಂಡೇ ಬಂದಳು. ಸೊಸೆಯ ಮೇಲಿನ ದೂರನ್ನು ಊರಿಗೆಲ್ಲ ಹಂಚಬೇಕಲ್ಲ!

ಬಾಜೂ ಮನೆಯ ಸಾತವ್ವ ಅದನ್ನು ನೋಡಿದ್ದೇ, "ಹಿಂತಾದ ನಮ್ಮನ್ಯಾಗೂ ಕೆಟ್ಟೈತಿ ನೋಡವಾ. ನಾನೂ ಸೊಸೀನ ಬೈದ್ನಿ," ಎಂದಳು. ಹಿಂದಿನಿಂದ ಮತ್ತಿಬ್ಬರು, "ನಮ್ಮನ್ಯಾಗೂ," ಎಂದರು.

ಸಂಘದ ಅಧ್ಯಕ್ಷೆ ವಿಜಯಲಕ್ಷ್ಮಿ ನಕ್ಕಳು. ಗೋಕಾಕದಲ್ಲಿ ಗ್ರಾಹಕರ ತರಬೇತಿ ಮುಗಿಸಿ ಬಂದವಳು ಆಕೆ. "ಅಕ್ಕಾ, ಇಷ್ಟ ಮನಿ ಸೊಸ್ತೇರೂ ಕೂಡೇ ಖಬರಗೇಡಿ ಆದ್ರೇನ್ರಿ? ಇದರ ಸ್ಕ್ರೂ ಎಲ್ಲೈತಿ, ತೋರಸ್ರಿ."

ಫಕೀರವ್ವ ಬ್ಯಾಟರಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಸುತ್ತಲೂ ಅಂಟು ಹಾಕಿ ಮುಚ್ಚಿದ್ದರು.

"ಒಳಗ ಸಣ್ಣ ಸೆಲ್ ಇರತೈತ್ರಿ," ಎಂದಳು ವಿಜಯಲಕ್ಷ್ಮಿ. " ಅದು ಮುಗೀತಂದ್ರ ಬ್ಯಾರೇದ್ ಹಾಕಾಕ ದಾರೀನ ಇಟ್ಟಿಲ್ಲ. ನಾವು ಮತ್ತ ಅಂಗಡಿಗಿ ಹೋಗಬೇಕು ಅಂತ ಬೇಕಂತಲೇ ಹಿಂಗ ಮಾಡೋ ಕಂಪನಿನೂ ಅದಾವು."

"ನೀ ಏನರ ಅನ್ನವಾ, ವಸ್ತು ಅಂದಮ್ಯಾಲ ಕೆಡೂದ."

"ಹೌದ್ರಿ. ಮತ್ತ ನಿಮ್ಮ ಕುರಿ ಕತ್ತರಿ ಕೆಟ್ಟೈತಂತ ಯಾಕ ಹೊರಗ ಒಗದಿಲ್ಲ?"

ಉಣ್ಣೆ ಕತ್ತರಿಸುವ ಆ ಕತ್ತರಿ ಫಕೀರವ್ವನ ಮಾವನ ಕಾಲದ್ದು. ಮೊಂಡಾದರೆ ಸಾಣೆ ಹಿಡಿಸುತ್ತಾರೆ. ಸಡಿಲಾದರೆ ಕಮ್ಮಾರ ಮೊಳೆ ಬಿಗಿದು ಕೊಡುತ್ತಾನೆ. ಮಾಡಿದವನು ಮನಸ್ಸಿಟ್ಟು ಮಾಡಿದ್ದ. ಇಲ್ಲಿ ಮೋಸ ಇದ್ದದ್ದು ಬ್ಯಾಟರಿಯಲ್ಲಿ, ಬೈಸಿಕೊಂಡದ್ದು ಸೊಸೆ. ಫಕೀರವ್ವನಿಗೆ ನಾಚಿಕೆಯಾಯಿತು.

ಮರುದಿನ ಆಕೆ ಶೈಲಾಳನ್ನು ಕರೆದುಕೊಂಡು ಗೋಕಾಕದ ಬಸ್ಸು ಹತ್ತಿದಳು. ಅಂಗಡಿಯಲ್ಲಿ ಹೊಸ ಬ್ಯಾಟರಿಯೊಂದನ್ನು ಕೈಗೆತ್ತಿಕೊಂಡಳು, ಆದರೆ ಮೊದಲು ರೇಟು ಕೇಳಲಿಲ್ಲ.

"ಇದನ್ನ ಬಿಚ್ಚಾಕ ಬರತೈತೇನ್ರಿ? ಒಳಗಿನ ಸೆಲ್ ಬ್ಯಾರೆ ಸಿಗತೈತೇನು? ರಸೀದಿ ಕೊಡ್ತೀರೇನು?"

"ಎಲ್ಲಾರೂ ಸೋವಿ ಯಾವ್ದು ಅಂತ ಕೇಳ್ತಾರ ನೋಡವಾ. ಅದಕ್ಕ ನಾವೂ ಅದನ್ನ ತರಸ್ತೇವಿ," ಎಂದು ಅಂಗಡಿಯ ಶಿದ್ಲಿಂಗಪ್ಪ ಒಳಗಿನಿಂದ ಸ್ಕ್ರೂ ಇದ್ದ ಬೇರೊಂದು ಬ್ಯಾಟರಿ ತಂದಿಟ್ಟ.

ಫಕೀರವ್ವ ಅದನ್ನು ಸೊಸೆಯ ಕೈಗೆ ಕೊಟ್ಟಳು. "ನೀನ ಬಿಚ್ಚಿ ನೋಡವಾ. ಸುಮ್ ಸುಮ್ನ ಬೈದ್ನಿ ನಿನಗ, ನಂದ ತಪ್ಪಾತು."

ಶೈಲಾ ಬಿಚ್ಚಿದಳು, ಸೆಲ್ ತೆಗೆದು ಮತ್ತೆ ಹಾಕಿದಳು. ಬೆಳಕು ಬಂತು. ಅತ್ತೆಯ ಮುಖ ನೋಡಿ ನಕ್ಕಳು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಏನೇ ಕೊಂಡರೂ ಫಕೀರವ್ವ ಕೇಳಿದ್ದನ್ನು ನೀವೂ ಕೇಳಿ. ರಸೀದಿ ಜೋಪಾನ ಮಾಡಿ. ಮೋಸವಾದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಂಗಡಿಯವರೇ, ರಿಪೇರಿಯಾಗುವ ವಸ್ತುವನ್ನೇ ಮಾರಿ. ಮತ್ತೆ, ಮನೆಯಲ್ಲಿ ಏನಾದರೂ ಕೆಟ್ಟಾಗ ಮನೆಯವರನ್ನು ಬೈಯುವ ಮೊದಲು, ಆ ವಸ್ತುವನ್ನೊಮ್ಮೆ ತಿರುಗಿಸಿ ನೋಡಿ.