ಹೆಸರು ಕರೆಯುವ ಅಭ್ಯಾಸ

ಗಂಡನ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಮದುವೆಯ ದಿನ ಒಮ್ಮೆ. ಅದೂ ಗೆಳತಿಯರು ಬಾಗಿಲು ಅಡ್ಡಗಟ್ಟಿದ್ದಕ್ಕೆ, ಒಡಪಿನ ಪದ್ಯದಲ್ಲಿ ಸೇರಿಸಿ. ಹೆಸರು ಹಿಡಿದರೆ ಗಂಡನ ಆಯುಷ್ಯ ಸವೆಯುತ್ತದೆ ಎಂದು ಅವ್ವ ತಲೆಯಲ್ಲಿ ತುಂಬಿದ್ದಳು. ಆಮೇಲೆ ಸಿಂದಗಿಯ ಶಾಲೆಯಲ್ಲಿ ಟೀಚರಾಗಿ, ಎಲ್ಲರಿಂದ ‘ಅಕ್ಕೋರ’ ಅನ್ನಿಸಿಕೊಂಡು, ಎಷ್ಟೋ ಮಕ್ಕಳ ಹಾಜರಿ ಕೂಗಿದೆ. ಒಂದು ವರ್ಷ ಅದೇ ಹೆಸರಿನ ಹುಡುಗ ಬಂದಾಗ ವರ್ಷವಿಡೀ ಅವನನ್ನು ‘ಏ, ಕಿಟಕಿ ಹತ್ತಿರದವನೇ’ ಎಂದೇ ಕರೆದೆ.

ಈಗ ಈ ವಯಸ್ಸಿನಲ್ಲಿ ಬಿಜಾಪುರದ ಡಾಕ್ಟರು ಅದೇ ಹೆಸರನ್ನು ದಿನಾ ಹೇಳ್ರಿ ಅಂದರು.

ನಮ್ಮವರದು ತೊಗರಿ ಪೇಟೆಯಲ್ಲಿ ದಲಾಲಿ ಅಂಗಡಿ. ಹರಾಜಿನ ಸವಾಲಿನ ಗದ್ದಲದಲ್ಲಿ ಯಾವ ಮೂಲೆಯಿಂದ ಯಾರು ದರ ಕೂಗಿದರೂ ಅವರ ಕಿವಿ ಹಿಡಿಯುತ್ತಿತ್ತು. ವಯಸ್ಸಾದಂತೆ ಮರೆವು ಬಂತು, ಆ ಲಕ್ಷ್ಯವೂ ಹೋಯಿತು. ಅಂಗಡಿ ಮಗ ಸಂಗಮೇಶನ ಪಾಲಾದರೂ ಸಂಜೆ ಪೇಟೆಗೆ ಒಂದು ಸುತ್ತು ಹೋಗಿಬರುವುದನ್ನು ಮಾತ್ರ ಅವರು ಬಿಡಲಿಲ್ಲ. ಉಳಿದಿದ್ದ ಸುಖ ಅದೊಂದೇ.

ಒಂದು ಸಂಜೆ ಬಸ್ ಸ್ಟ್ಯಾಂಡ್ ಎದುರು ಲಾರಿ ಹಾರ್ನ್ ಹೊಡೆಯುತ್ತಿದ್ದರೂ ರಸ್ತೆ ನಡುವೆ ನಿಂತುಬಿಟ್ಟರು. ಹಿಂದಿದ್ದ ನಾನು “ರೀ! ರೀ!” ಎಂದು ಕಿರುಚಿದೆ. ಸುತ್ತಲಿನ ಗಂಡಸರೆಲ್ಲ ತಿರುಗಿದರು, ಇವರೊಬ್ಬರನ್ನು ಬಿಟ್ಟು. ಲಾರಿಯವನು ಬ್ರೇಕ್ ಹಾಕಿ ಬೈದು ಹೋದ.

“ಇನ್ನ ಬಾಗಲಾ ಕೀಲಿ ಹಾಕೂದ ಛಲೋ ಅವ್ವಾ,” ಎಂದ ಸಂಗಮೇಶ.

ದನದಂತೆ ಕಟ್ಟಿಹಾಕಲು ನನಗೆ ಮನಸ್ಸಾಗಲಿಲ್ಲ. ಡಾಕ್ಟರ ಹತ್ತಿರ ಕರೆದೊಯ್ದೆ.

“ಮರವು ಹೋಗಂಗಿಲ್ಲ ಅಕ್ಕೋರ. ಲಕ್ಷ್ಯ ಕೊಡೂದು ರೂಢಿ ಮಾಡಸಬಹುದು,” ಎಂದರು ಅವರು. “ದಿನಾ ಒಂದಿಷ್ಟು ಹೆಸರ ಓದ್ರಿ. ತಮ್ಮ ಹೆಸರ ಬಂದಾಗ ಅವರು ಕೈ ಎತ್ತಬೇಕು. ಗದ್ದಲದಾಗೂ ಕರದ್ರ ತಿರುಗಿದ್ರಂದ್ರ ಹೊರಗ ಬಿಡ್ರಿ.”

ಮೊದಲ ದಿನ ಅಮೋಘಸಿದ್ಧ, ಬಾಬುಲಾಲ, ಕಾಂತು ಎಂದೆಲ್ಲ ಹೇಳಿ, ಅವರ ಸರದಿ ಬಂದಾಗ ‘ಇವರು’ ಎಂದೆ. ಪಾಪ, ಹೇಳದ ಹೆಸರಿಗೆ ಅವರಾದರೂ ಕೈ ಎತ್ತುವುದು ಹೇಗೆ? ಮರುದಿನ ಕಣ್ಣು ಮುಚ್ಚಿಕೊಂಡು “ಬಸಂತರಾಯ” ಎಂದುಬಿಟ್ಟೆ. ಮೈಯೆಲ್ಲ ಬೆವರಿತು. ಅವರು ಗೋಡೆ ನೋಡುತ್ತ ಕೂತಿದ್ದರು.

ಅಲ್ಲಿಂದ ಅದೇ ಪಾಡು. ಬೆಳಿಗ್ಗೆ ರೊಟ್ಟಿ ಬಡಿಯುವ ಮುಂಚೆ ಒಮ್ಮೆ, ಮಧ್ಯಾಹ್ನ ರೇಡಿಯೋ ಹಚ್ಚಿ ಗದ್ದಲದಲ್ಲಿ ಒಮ್ಮೆ. ನಿವೃತ್ತಿಯಾದ ಮೇಲೆ ಸಿಕ್ಕವನು ಒಬ್ಬನೇ ವಿದ್ಯಾರ್ಥಿ, ಅವನೂ ದಡ್ಡ. ಗಂಟಲು ಒಣಗುತ್ತಿತ್ತು, ಸೊಂಟ ಬಿದ್ದುಹೋಗುತ್ತಿತ್ತು. ಸಾಕಾಗಿ ಹಿತ್ತಲಿಗೆ ಹೋಗಿ ಅತ್ತು, ಮುಖ ತೊಳೆದು ಬಂದು ಮತ್ತೆ ಹಾಜರಿ ಹಿಡಿಯುತ್ತಿದ್ದೆ. ಬೇಸಿಗೆ ಹೋಯಿತು, ಮಳೆಗಾಲ ಹೋಯಿತು. ಚಳಿ ಬೀಳುವ ಹೊತ್ತಿಗೆ ಕೈ ಮೇಲೇಳತೊಡಗಿತು, ಮೊದಮೊದಲು ತಪ್ಪಿ, ಆಮೇಲೆ ತಪ್ಪದೆ.

“ಒಂದ್ಸಲ ನೋಡೂಣು. ತಿರುಗಲಿಲ್ಲಂದ್ರ ಕೀಲಿನ,” ಎಂದು ಒಂದು ಸಂಜೆ ಪೇಟೆಗೆ ಹೊರಟಾಗ ಸಂಗಮೇಶನೂ ಜೊತೆಗೆ ಬಂದ. ಅವರನ್ನು ಮುಂದೆ ಬಿಟ್ಟು ನಾವು ಹಿಂದೆ ನಡೆದೆವು. ಬಸ್ ಸ್ಟ್ಯಾಂಡ್ ಹತ್ತಿರ ಕಬ್ಬಿನ ಟ್ರ್ಯಾಕ್ಟರೊಂದು ದಡದಡ ಬರುತ್ತಿತ್ತು. ಅವರು ನೋಡದೆ ರಸ್ತೆಗೆ ಕಾಲಿಟ್ಟರು.

“ಬಸಂತರಾಯಾ!”

ಸ್ಟ್ಯಾಂಡಿಗೆಲ್ಲ ಕೇಳುವಂತೆ ಕೂಗಿದೆ. ಬಾಳೆಹಣ್ಣು ಮಾರುವ ಪೀರಬಿ ಬಾಯಿ ಮೇಲೆ ಕೈಯಿಟ್ಟಳು. ಅವರು ಗಕ್ಕನೆ ನಿಂತು, ತಿರುಗಿ, ಹಿಂದೆ ಸರಿದರು. ಟ್ರ್ಯಾಕ್ಟರ್ ದಾಟಿಹೋಯಿತು.

“ಕೀಲಿ ಬ್ಯಾಡ ಬಿಡವ್ವಾ,” ಎಂದ ಸಂಗಮೇಶ.

ಅವರು ನೆಟ್ಟಗೆ ನನ್ನ ಕಡೆಗೇ ನಡೆದು ಬಂದರು. ಆ ಕಣ್ಣಿನಲ್ಲಿ ಇಷ್ಟು ಎಚ್ಚರ ನೋಡಿ ಎಷ್ಟೋ ಕಾಲವಾಗಿತ್ತು. ಎದುರು ನಿಂತು ಕೈ ಮುಗಿದರು.

“ಕರದ್ರೇನ್ರಿ ಅಕ್ಕೋರ?”

“ಹೌದ್ರಿ. ನಾ ಯಾರಂತ ಗೊತ್ತಾತೇನ್ರಿ?”

“ಹೆಸರ ಹಿಡಿದು ಕರದ್ರಿ, ಸಾಲಿ ಅಕ್ಕೋರ ಇರಬೇಕು.” ನಕ್ಕರು. “ನಮ್ಮ ಮನ್ಯಾಕಿ ಅಂತೂ ಅಲ್ಲ. ಆಕಿ ಸತ್ರೂ ನನ್ನ ಹೆಸರ ಹೇಳಂಗಿಲ್ಲ.”

ಅಲ್ಲೇ ಕಟ್ಟೆಯ ಮೇಲೆ ಕೂತೆ. ಇಷ್ಟು ದುಃಖ ಆ ಲಾರಿಯ ದಿನವೂ ಆಗಿರಲಿಲ್ಲ. “ರೀ,” ಎಂದೆ ಮೆಲ್ಲಗೆ. ಅವರು ಎತ್ತಲೋ ನೋಡುತ್ತಿದ್ದರು. ಇನ್ನೊಮ್ಮೆ “ರೀ” ಎಂದೆ. ಇಲ್ಲ.

“ಬಸಂತರಾಯ.”

“ಹೇಳ್ರಿ ಅಕ್ಕೋರ,” ಎಂದು ತಟ್ಟನೆ ತಿರುಗಿದರು.

ಸೆರಗಿನಿಂದ ಮುಖ ಒರೆಸಿಕೊಂಡು ಎದ್ದೆ. “ಪೇಟಿಗಿ ಹೋಗೂಣು, ನಡೀರಿ,” ಎಂದೆ.