ಕೆಡ್ಡಸದ ದಿನ ಅಗೆದ ಹೂ

ಗಲ್ಫಿನ ರುವೈಸಿನ ರಿಫೈನರಿಯಲ್ಲಿ ಹತ್ತೊಂಬತ್ತು ವರ್ಷ ಪಂಪುಗಳ ರಗಳೆ ಸಹಿಸಿದವನು ನಾನು, ಸೇಸಪ್ಪ. ಜೂನ್‌ನಲ್ಲಿ ಅರವತ್ತು ತುಂಬುತ್ತದೆ, ವೀಸಾ ಖಲಾಸ್. ಊರಿಗೆ ಹೋಗುವ ಮುಂಚೆ ನನಗಿದ್ದ ಆಸೆ ಒಂದೇ. ಮಗಳು ಸುಪ್ರೀತಾ ಒಮ್ಮೆ ಬಂದು ನನ್ನ ಹೂವನ್ನು ನೋಡಬೇಕು.

ನನ್ನ ಹೂ ಎಂದರೆ ನಾನೇನೂ ನೆಟ್ಟದ್ದಲ್ಲ. ಕಂಪನಿ ಕ್ವಾರ್ಟರ್ಸಿನ ಬೇಲಿಯಾಚೆ, ನಮ್ಮ ಬನ್ನಿಯಂಥ ಘಾಫ್ ಮರಗಳ ಸಣ್ಣ ತೋಪಿದೆ. ಚಳಿ ಇಳಿಯುವ ಹೊತ್ತಿಗೆ, ಅಲ್ಲಿನ ಉಪ್ಪುಗಿಡಗಳ ಪಕ್ಕ, ಬರಿಯ ಮರಳಿನಿಂದ ಹಳದಿ ಹೂಗೊಂಚಲು ಮೊಣಕಾಲೆತ್ತರ ಎದ್ದು ನಿಲ್ಲುತ್ತದೆ. ಎಲೆಯಿಲ್ಲ, ಹಸಿರೆಂಬುದೇ ಇಲ್ಲ. ಅರಬರು ಧನೂನ್ ಎನ್ನುತ್ತಾರೆ. ನಾಲ್ಕು ವಾರ ಇದ್ದು, ಜೇನ್ನೊಣಗಳಿಗೆ ಊಟ ಹಾಕಿ, ಕಪ್ಪಾಗಿ, ಬೀಜ ಉದುರಿಸಿ ಮಾಯ. ಮಳೆ ಸರಿಯಾಗದ ವರ್ಷ ತಲೆಯೇ ಎತ್ತುವುದಿಲ್ಲ. ಈ ಸಲ ಎದ್ದದ್ದು ಒಂದೇ ಒಂದು. ಹೆಂಡತಿ ವಾರಿಜಾಕ್ಷಿಯ ಉತ್ತರಕ್ರಿಯೆ ಮುಗಿಸಿ ಊರಿಂದ ಮರಳಿದ ವರ್ಷ ನಾನು ಮನಸ್ಸು ಬಿಚ್ಚಿ ಮಾತಾಡಿದ್ದು ಈ ಹೂವಿನ ಹತ್ತಿರ ಮಾತ್ರ. ಯಾರ ಹಂಗಿಲ್ಲದೆ ಬದುಕುವುದು ನಿನಗೂ ಗೊತ್ತು, ನನಗೂ ಗೊತ್ತು ಎಂದು ಜಂಬ ಕೊಚ್ಚಿಕೊಂಡಿದ್ದೆ.

ಸುಪ್ರೀತಾ ಇರುವುದು ದುಬೈಯ ಅಲ್ ಕುಸೈಸಿನಲ್ಲಿ, ಕಾರಿನಲ್ಲಿ ಮೂರೂವರೆ ಗಂಟೆ. ಎರಡು ಶನಿವಾರ ಬರುತ್ತೇನೆಂದವಳು ಬರಲಿಲ್ಲ. ಮೂರನೆಯ ಶನಿವಾರ ಬೆಳಿಗ್ಗೆ ಫೋನು ಬಂತು.

"ಅಪ್ಪಾ, ಇವತ್ತೂ ಆಗ್ಲಿಕ್ಕಿಲ್ಲ. ಪೃಥ್ವಿಗೆ ಡ್ಯೂಟಿ ಉಂಟು."

"ನಿನ್ನ ಗಂಡನ ಡ್ಯೂಟಿಗೆ ಹೂ ಕಾಯ್ತದಾ?"

"ಒಂದು ಹೂವಿಗೆ ಇಷ್ಟು ಕೋಪ ಎಂತಕ್ಕೆ?"

ಒಂದು ಹೂವಂತೆ! ಫೋನಿಟ್ಟವನೇ ಸಲಿಕೆ, ಬಕೆಟ್ಟು ಹಿಡಿದು ಹೊರಟೆ. ಅವಳು ಬಾರದಿದ್ದರೆ ಹೂವೇ ಅವಳ ಮನೆಗೆ ಹೋಗಲಿ.

ತೋಪು ಮುಟ್ಟಿದಾಗ ನೆನಪಾಯಿತು, ಅಂದು ಕೆಡ್ಡಸದ ನಡುವಿನ ದಿನ. ಭೂಮಿತಾಯಿ ಮುಟ್ಟಾಗುವ ಆ ಮೂರು ದಿನ ನಾವು ತುಳುವರು ನೆಲ ಅಗೆಯುವುದಿಲ್ಲ, ಹಸಿ ಗಿಡ ಕೀಳುವುದಿಲ್ಲ. ಅಂಗಳದಲ್ಲಿ ಕತ್ತಿ ಕಂಡರೂ ವಾರಿಜಾಕ್ಷಿ ಗದರುತ್ತಿದ್ದಳು. ಕೊನೆಯ ದಿನ, ಭೂಮಿತಾಯಿಯ ಸ್ನಾನಕ್ಕೆಂದು ಅವಳು ನೆಲಕ್ಕೆ ಎಣ್ಣೆ ಬಿಟ್ಟ ಮೇಲೆಯೇ ಉಳಿದ ಕೆಲಸ. ಈ ಮರಳಿಗೆ ಎಲ್ಲಿಯ ಕೆಡ್ಡಸ ಎಂದು ನನಗೆ ನಾನೇ ಹೇಳಿಕೊಂಡು ಸಲಿಕೆ ಊರಿದೆ.

ಎರಡಡಿ ಅಗೆದರೂ ಬೇರು ಕಾಣಲಿಲ್ಲ. ದಪ್ಪ ಬಿಳಿ ದಂಟು ಇನ್ನೂ ಕೆಳಗಿಳಿದು, ಪಕ್ಕದ ಉಪ್ಪುಗಿಡದ ಸಪೂರ ಬೇರೊಂದನ್ನು ಕಚ್ಚಿಕೊಂಡಿತ್ತು. ಅದರ ನೀರು, ಊಟ ಎಲ್ಲ ಅಲ್ಲಿಂದಲೇ. ಎಳೆದದ್ದೇ ತಡ, ಕಳಚಿ ಬಂತು. ಯಾರ ಹಂಗೂ ಇಲ್ಲದ್ದೆಂದು ನಾನು ಹೊಗಳಿದ ಹೂವಿಗೆ ತನ್ನದೆಂಬ ಒಂದು ಬೇರೂ ಇರಲಿಲ್ಲ. ಮರಳ ಮೇಲೆ ಕೂತು ಅತ್ತುಬಿಟ್ಟೆ.

ಆದರೂ ಹಟ ಬಿಡಲಿಲ್ಲ. ಬಕೆಟ್ಟಿಗೆ ಮರಳು ತುಂಬಿ ಹೂವನ್ನು ಊರಿ, ಎರಡು ಬಸ್ಸು ಬದಲಿಸಿ, ಸಂಜೆ ಅಲ್ ಕುಸೈಸಿನ ಬಾಗಿಲು ತಟ್ಟಿದೆ. ಅಷ್ಟರಲ್ಲಿ ಹಳದಿಯೆಲ್ಲ ಕಪ್ಪಾಗಿತ್ತು.

ಆರು ವರ್ಷದ ಮೊಮ್ಮಗಳು ಬಕೆಟ್ಟಿಗೆ ಇಣುಕಿ, "ಇಟ್ಸ್ ಡೆಡ್, ಅಜ್ಜ" ಎಂದಳು.

ಸುಪ್ರೀತಾ ನನ್ನ ಉಗುರಿನೊಳಗಿನ ಮರಳು ನೋಡಿದಳು. "ಕೆಡ್ಡಸಕ್ಕೆ ನೆಲ ಅಗೆದದ್ದಾ ಅಪ್ಪ? ಅಮ್ಮ ಇದ್ದಿದ್ರೆ..." ಎಂದವಳು ಬಕೆಟ್ಟನ್ನು ಒಳಗೆಳೆದುಕೊಂಡಳು. ಆಮೇಲೆ ಮೆಲ್ಲಗೆ, "ಬರುವ ಶನಿವಾರಕ್ಕೆ ಪೃಥ್ವಿ ರಜೆ ಹಾಕಿ ಆಗಿತ್ತು. ಹೇಳ್ಲಿಕ್ಕೇ ಬಿಡ್ಲಿಲ್ಲ, ಫೋನಿಟ್ರಿ."

ಆ ಶನಿವಾರ ಅವರು ಬಂದರು. ನಾನು ಗುಂಡಿ ತೋರಿಸಿದೆ. ಸುಪ್ರೀತಾ ಬ್ಯಾಗಿನಿಂದ ತೆಂಗಿನೆಣ್ಣೆಯ ಸಣ್ಣ ಬಾಟಲಿ ತೆಗೆದು, ಅವಳಮ್ಮ ಮಾಡುತ್ತಿದ್ದ ಹಾಗೆಯೇ, ನೆಲಕ್ಕೆ ಎಣ್ಣೆ ಬಿಟ್ಟಳು.

"ವಿಲ್ ಇಟ್ ಕಮ್ ನೆಕ್ಸ್ಟ್ ಇಯರ್, ಅಜ್ಜ?"

"ಬರಬಹುದು ಮಗಾ. ಹಳೆಯ ಬೀಜ ಮರಳಲ್ಲಿ ಉಂಟು. ಉಪ್ಪುಗಿಡದ ಬೇರು ಹತ್ತಿರ ಬಂದ್ರೆ ಸಾಕು."

"ವಿಲ್ ಯು ಶೋ ಮಿ?"

ಸುಪ್ರೀತಾ ನನ್ನ ಮುಖ ನೋಡಿದಳು. ಜೂನ್ ಅವಳಿಗೂ ಗೊತ್ತಿತ್ತು.

"ನಿನ್ನ ಅಮ್ಮ ತೋರಿಸ್ತಾಳೆ," ಎಂದೆ. "ಜಾಗ ನೋಡಿಯಾಯ್ತಲ್ಲ."

ಸುಪ್ರೀತಾ ಬಾಟಲಿಯ ಮುಚ್ಚಳ ತಿರುಗಿಸಿ ಬ್ಯಾಗಿಗೆ ಹಾಕಿದಳು. ನಾನು ಮೊಣಕಾಲೂರಿ, ಸಲಿಕೆ ಮುಟ್ಟದೆ, ಕೈಯಿಂದಲೇ ಮರಳೆಳೆದು ಗುಂಡಿ ಮುಚ್ಚಿದೆ.