ಸಿಟ್ಟಿಗೆ ಏಳುವ ಕಲ್ಲು

ಅಣ್ಣ ಬೀರಲಿಂಗಪ್ಪನಿಗೆ ಸಿಟ್ಟು ಬಂದರೆ ಮಾತ್ರ ಶಕ್ತಿ ಬರುತ್ತಿತ್ತು. ಅಣ್ಣಿಗೇರಿಗೆ ಹತ್ತಿರದ ನಮ್ಮೂರಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಗರಡಿಮನೆಯ ಮುಂದೆ ಒಂದು ಗುಂಡುಕಲ್ಲು ಬಿದ್ದಿತ್ತು. ಯಾವಳೋ ರಾಕ್ಷಸಿ ಕಾವು ಕೊಡಲು ಮರೆತುಹೋದ ತತ್ತಿ ಅದು ಎಂದು ನಮ್ಮಜ್ಜಿ ದುರ್ಗವ್ವ ಹೇಳುತ್ತಿದ್ದಳು. ನಾನು ದೊಡ್ಡವಳಾದ ಮೇಲೂ ಅದರ ಮೇಲೆ ಕೂತವಳಲ್ಲ. ಅಣ್ಣನ ಗೆಳೆಯ ಮುದಕಪ್ಪ ಬಂದು, "ಲೇ ಬೀರ್ಯಾ, ನಿನಗೂ ನಿಮ್ಮ ಎತ್ತಿಗೂ ಒಂದ ಬುದ್ಧಿ. ಎತ್ತಿಗೆ ಒಂದೀಟ ಜಾಸ್ತಿ" ಎಂದರೆ ಸಾಕು, ಅಣ್ಣ ಆ ತತ್ತಿಯನ್ನು ಹೆಗಲಿಗೇರಿಸಿ ಹಿಂದಕ್ಕೆ ಒಗೆಯುತ್ತಿದ್ದ. ಯಾರೂ ಕೆಣಕದ ದಿನ ತುಂಬಿದ ಕೊಡವೂ ಅವನಿಗೆ ಭಾರ. ಸುಗ್ಗಿಯಲ್ಲಿ ಜೋಳದ ಚೀಲ ಹೇರುವಾಗ ಅವ್ವ ಮುದಕಪ್ಪನಿಗೆ ಚಹಾ ಕುಡಿಸಿ, ಬೈಯಲೆಂದೇ ಎತ್ತಿನ ಚಕ್ಕಡಿಯ ಬಾಜು ನಿಲ್ಲಿಸುತ್ತಿದ್ದಳು.

ಎಂಬತ್ನಾಲ್ಕನೇ ಇಸವಿಯಲ್ಲಿ ದುಮ್ಮವಾಡದ ಮಲ್ಲಕ್ಕನನ್ನು ನೋಡಿಬಂದ ಮೇಲೆ ಅಣ್ಣ ಉಣ್ಣುವ ಗಂಗಾಳ ನೋಡುತ್ತ ತನ್ನಷ್ಟಕ್ಕೆ ತಾನೇ ನಗತೊಡಗಿದ. ಅವಳಾಗದಿದ್ದರೆ ಮದುವೆಯೇ ಬೇಡ ಎಂದ. ಆದರೆ ಆ ಕಡೆಯಿಂದ ಒಂದು ಮಾತು ಬಂತು. ಮಲ್ಲಕ್ಕನ ಅಕ್ಕನ ಗಂಡ ಮುಂಗೋಪಿ, ಕೈಮಾಡುವವನು. ಈ ಹುಡುಗಿಯನ್ನು ಇನ್ನೊಬ್ಬ ಸಿಡುಕನಿಗೆ ಕೊಡುವುದಿಲ್ಲ.

ಅವ್ವ ಅಣ್ಣನನ್ನು ಕೂರಿಸಿಕೊಂಡು ಕಲಿಸಿದಳು. "ಏನ ಕೇಳಿದ್ರೂ ಹೌದ್ರಿ ಅನ್ನು. ಅದಾಗದಿದ್ರ ಇಲ್ರಿ ಅನ್ನು. ಮೂರನೇ ಮಾತ ಬ್ಯಾಡ."

ಮನೆ ನೋಡಲು ಮಲ್ಲಕ್ಕನ ಅಪ್ಪ ಶಿದ್ಲಿಂಗಪ್ಪ, ಅವನ ತಾಯಿ ಫಕೀರವ್ವನ ಜೊತೆ ಬಂದ. ಹೌದ್ರಿ, ಇಲ್ರಿಗಳಲ್ಲಿ ಉಪ್ಪಿಟ್ಟು ಸುಸೂತ್ರವಾಗಿ ಮುಗಿಯಿತು. ಆಗ ಫಕೀರವ್ವ ಕೈ ಒರೆಸಿಕೊಳ್ಳುತ್ತ, "ಹುಡುಗ ಗುಂಡ ಎತ್ತತಾನಂತ ಹೇಳ್ಯಾರ. ನೋಡೂಣು ನಡೀರಿ" ಎಂದಳು.

ಅವ್ವನ ಮುಖ ಇಳಿಯಿತು. ಎತ್ತದಿದ್ದರೆ ಕೈಲಾಗದವ, ಎತ್ತಬೇಕಾದರೆ ಸಿಟ್ಟು ಬರಬೇಕು.

ಅಣ್ಣ ಹೊಸ ಧೋತರ ಬಿಗಿದು ಕಲ್ಲನ್ನು ತಬ್ಬಿದ. ಅದು ಮೊಣಕಾಲಿನವರೆಗೆ ಬಂದು ಮರಳಿ ನೆಲಕ್ಕೆ ಕೂತಿತು. ಮತ್ತೆ ತಬ್ಬಿದ, ಈ ಸಲ ಅಷ್ಟೂ ಬರಲಿಲ್ಲ. ಮುದಕಪ್ಪ ಸಹಾಯಕ್ಕೆಂದು ಬಾಯಿ ತೆರೆದ. ಅವ್ವ ಅದರಲ್ಲಿ ಒಂದು ಶೇಂಗಾ ಉಂಡಿ ತುರುಕಿದಳು.

ಫಕೀರವ್ವ ತಿರುಗಿದಳು. "ನಡಿ ಶಿದ್ಲಿಂಗಾ, ಬಸ್ಸಿನ ಹೊತ್ತಾತು. ಈ ತಮ್ಮನ ಜಳಕಕ್ಕ ನಮ್ಮ ಹುಡುಗೀನ ನೀರ ಹೊತ್ತ ಹಾಕಬೇಕಾಗತೈತಿ. ಆಮ್ಯಾಲೆ ಇವನ್ನೂ ಹೊರಬೇಕಾಗತೈತಿ."

ಅಣ್ಣನ ಕಿವಿ ಕೆಂಪಾದವು. ಕಲ್ಲು ಸೊಂಟಕ್ಕೆ ಬಂತು, ಎದೆಗೆ ಬಂತು, ಹೆಗಲ ಮೇಲೆ ಕೂತಿತು. ಅದನ್ನು ಹೊತ್ತುಕೊಂಡೇ ಅವನು ಮುದುಕಿಯ ಕಡೆ ತಿರುಗಿದ. ಆ ಕಣ್ಣು ನೋಡಿ, ಮದುವೆ ಮುರಿಯಿತೆಂದು ನಾನು ಕಣ್ಣು ಮುಚ್ಚಿಕೊಂಡೆ.

"ಸಿಟ್ಟ ಬಂತೇನಪಾ?" ಫಕೀರವ್ವ ಕೇಳಿದಳು.

ಹಲ್ಲು ಕಡಿಯುವ ಸಪ್ಪಳ ನನಗೂ ಕೇಳಿಸಿತು. "ಇಲ್ರಿ" ಎಂದ ಅಣ್ಣ.

"ಹಂಗಾರ ಹುಡುಗೀನ ಕೊಟ್ವಿ, ತಗೋ."

ಅಣ್ಣ ನಕ್ಕುಬಿಟ್ಟ. ನಗು ಬಂದದ್ದೇ ಶಕ್ತಿ ಹೋಯಿತು. ಕಲ್ಲು ಹೆಗಲಿನಿಂದ ಜಾರಿ ಎಡಗಾಲಿನ ಹೆಬ್ಬೆರಳ ಮೇಲೆ ಬಿತ್ತು. ಅವನು ಕಾಲು ಹಿಡಿದು ಕುಸಿದು ಕೂತ. ಕಣ್ಣಲ್ಲಿ ನೀರು, ಮುಖದಲ್ಲಿ ಅದೇ ನಗು.

"ಕೊಡತೀರಿ ಹೌದಲ್ರಿ?" ಎಂದ.

ಫಕೀರವ್ವ ಮೂಗಿನ ಮೇಲೆ ಬೆರಳಿಟ್ಟಳು. "ಕಾಲ ಮ್ಯಾಲೆ ಕಲ್ಲ ಬಿದ್ರೂ ಬಾಯಾಗ ಒಂದ ಬೈಗುಳ ಬರಲಿಲ್ಲ. ಇಂಥಾ ಶಾಂತ ಮನಸ್ಯಾನ ನಾ ಎಲ್ಲೂ ಕಂಡಿಲ್ಲ."

ಅಣ್ಣ ಕುಂಟುತ್ತಲೇ ಮದುವೆಯ ಅಕ್ಕಿಕಾಳು ಹಾಕಿಸಿಕೊಂಡ. ಮಲ್ಲಕ್ಕ ಬಂದಳು. ಅವಳ ದನಿ ಎಂದೂ ಏರಿದ್ದಿಲ್ಲ. ಬಾಗಿಲನ್ನು ಸಹ ಅವಳು ಸಪ್ಪಳವಿಲ್ಲದೆ ಹಾಕುತ್ತಿದ್ದಳು. ಬೆರಳು ಮಾಯ್ದು, ಸುಗ್ಗಿಯೂ ಬಂತು. ಚಹಾ ಕುಡಿದ ಮುದಕಪ್ಪ ಚಕ್ಕಡಿಯ ಬಾಜು ನಿಂತು ತನಗೆ ಬರುತ್ತಿದ್ದುದನ್ನೆಲ್ಲ ಬೈದ. ಅಣ್ಣ ಸಮಾಧಾನದಿಂದ ಕೇಳಿ, "ಹೌದ ನೋಡಪಾ, ನಮ್ಮ ಎತ್ತ ಅಗದಿ ಶಾಣ್ಯಾ ಐತಿ" ಎಂದ. ಚೀಲ ಮಾತ್ರ ಅಲುಗಲಿಲ್ಲ.

ಅವ್ವ ಸೊಸೆಯನ್ನು ಒಲೆಯ ಹತ್ತಿರ ಕರೆದು ಮೆಲ್ಲಗೆ ಹೇಳಿದಳು. "ನೀನರ ಒಂದೀಟ ಬೈಯವ್ವಾ ಅವಗ. ಚೀಲ ಏರೂತನಕ ಸಾಕು."

"ಬ್ಯಾಡ್ರಿ ಅತ್ತಿ" ಎಂದಳು ಮಲ್ಲಕ್ಕ. "ಅಂಥಾ ಶಾಂತ ಮನಸ್ಯಾನ ನೋಯಿಸಬಾರದಂತ ನಮ್ಮಜ್ಜಿ ಹೇಳ್ಯಾಳ."

ಸೆರಗು ಸೊಂಟಕ್ಕೆ ಸಿಕ್ಕಿಸಿ, ಚೀಲದ ಇನ್ನೊಂದು ತುದಿ ಹಿಡಿಯಲು ಹೊರಟಳು.